ಸೂರ್ಯಂಗೆ ಜೊತೆಗಾರ ಇಲ್ಲ, ಇಲ್ಲ ಅಂದ್ರೆ ಇಲ್ಲ!

ನಮಸ್ಕಾರ ಎಲ್ರಿಗೂ, ಚಿಕ್ಕಬಳ್ಳಾಪುರದಿಂದ. ಹೋದ ವಿಡಿಯೋ ಕೆಳಗೆ ಒಬ್ರು ನಂದಿ ಬೆಟ್ಟದಲ್ಲಿ ಬೆಳಗ್ಗೆ ತೆಗೆದ ಫೋಟೋ ಬಗ್ಗೆ ಬರೆದಿದಾರೆ, ಸೂರ್ಯನ ಪಕ್ಕ ಇನ್ನೊಂದು ಬೆಳಕಿನ ಉಂಡೆ ಇದೆಯಂತೆ, "ಅಣ್ಣ ಇದೇ ಎರಡನೇ ಸೂರ್ಯ, ನಾಸಾದವ್ರು ಮುಚ್ಚಿಡ್ತಿದಾರೆ" ಅಂತ. ಅದು ಲೆನ್ಸ್ ಒಳಗಿನ ಪ್ರತಿಬಿಂಬ ಕಣ್ರೀ! ಫೋನ್ ಸ್ವಲ್ಪ ತಿರುಗಿಸಿ ನೋಡಿ, ಆ ಉಂಡೆ ಜಾಗ ಬಿಟ್ಟು ಓಡುತ್ತೆ.

ಈ ಕತೆ ಸುಮ್ನೆ ಹುಟ್ಟಿದ್ದಲ್ಲ. ಭೂಮಿ ಮೇಲೆ ಜೀವಿಗಳು ಸಾಮೂಹಿಕವಾಗಿ ಅಳಿದು ಹೋಗೋದು ಸುಮಾರು 2.6 ಕೋಟಿ ವರ್ಷಕ್ಕೊಂದ್ಸಲ ಅಂತ 1984ರಲ್ಲಿ ಪಳೆಯುಳಿಕೆ ತಜ್ಞರಾದ ರಾಪ್ ಮತ್ತೆ ಸೆಪ್‌ಕೋಸ್ಕಿ ಲೆಕ್ಕ ಕೊಟ್ರು. ಅದೇ ವರ್ಷ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಮತ್ತೆ ಅವರ ಜೊತೆಯವ್ರು, ಸೂರ್ಯಂಗೆ ಒಂದು ಮಂಕು ಜೊತೆ ನಕ್ಷತ್ರ ಇರಬೇಕು, ಅದು ಹತ್ರ ಬಂದಾಗೆಲ್ಲ ಧೂಮಕೇತುಗಳನ್ನ ಒಳಕ್ಕೆ ತಳ್ಳುತ್ತೆ, ಅವು ಭೂಮಿಗೆ ಬಡಿದು ಜೀವಿಗಳು ಅಳಿಯುತ್ವೆ ಅಂದ್ರು, ನೆಮೆಸಿಸ್ ಅಂತ ಹೆಸರೂ ಇಟ್ರು. ಚೆನ್ನಾಗಿರೋ ಊಹೆ. ಹುಡುಕಿದ್ರು. ಸಿಗಲಿಲ್ಲ!

ಎಷ್ಟು ಹುಡುಕಿದ್ರು ಗೊತ್ತಾ? 2009ರ ಡಿಸೆಂಬರ್‌ನಲ್ಲಿ ಹಾರಿಸಿದ ವೈಸ್ ಅನ್ನೋ, ಶಾಖದ ಕಿರಣ ಹಿಡಿಯೋ ಇನ್‌ಫ್ರಾರೆಡ್ ಟೆಲಿಸ್ಕೋಪ್ ಇಡೀ ಆಕಾಶ ಜಾಲಾಡಿತು. ಅದರ ಡೇಟಾದಲ್ಲೇ 2014ರಲ್ಲಿ ಖಗೋಳ ವಿಜ್ಞಾನಿ ಕೆವಿನ್ ಲುಮನ್ ಸುಮಾರು 7 ಬೆಳಕಿನ ವರ್ಷ ದೂರದಲ್ಲಿರೋ ಒಂದು ಕಾಯ ಹಿಡಿದ್ರು, ಮಂಜುಗಡ್ಡೆಗಿಂತ ತಣ್ಣಗಿದೆ ಅದು! ಅಷ್ಟು ದೂರದ್ದು, ಅಷ್ಟು ತಣ್ಣಗಿರೋದು ಸಿಕ್ತು, ಒಂದೂವರೆ ಬೆಳಕಿನ ವರ್ಷದಲ್ಲಿ ಇದೆ ಅಂತ ಹೇಳೋ ಉರಿಯೋ ನಕ್ಷತ್ರ ಸಿಗಲಿಲ್ವಾ? ಹೇಳ್ರಪ್ಪ!

ಅದು ನಿಧಾನಕ್ಕೆ ಚಲಿಸುತ್ತೆ ಅದಕ್ಕೇ ಗೊತ್ತಾಗಲ್ಲ ಅಂತಾರೆ ಇನ್ನು ಕೆಲವ್ರು. ಹೆಬ್ಬೆರಳು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬೆರಳು ಜಿಗಿದ ಹಾಗೆ ಕಾಣುತ್ತಲ್ವಾ, ಭೂಮಿ ಸೂರ್ಯನ ಸುತ್ತ ಹೋಗೋವಾಗ ಹತ್ತಿರದ ನಕ್ಷತ್ರನೂ ಹಾಗೇ ಜಿಗಿಯುತ್ತೆ, ತಾನು ಚಲಿಸದೇ ಇದ್ರೂ. ಸೂರ್ಯಂಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.2 ಬೆಳಕಿನ ವರ್ಷ ದೂರ, ಮಂಕು ನಕ್ಷತ್ರ, 1915ರಲ್ಲೇ ಸಿಕ್ಕಿತ್ತು! ಬಚ್ಚಿಟ್ಕೊಳ್ಳೋಕೆ ಆಗಲ್ಲ ಸ್ವಾಮಿ, ನಕ್ಷತ್ರಕ್ಕೆ ಬಚ್ಚಿಟ್ಕೊಳ್ಳೋಕೆ ಆಗಲ್ಲ!

ಸೂರ್ಯ ಹುಟ್ಟಿದಾಗ ಜೋಡಿ ಇದ್ದಿರಬಹುದು, ಅದು ಬೇರೆ ಮಾತು. ಈಗ ಇದೆಯಾ ಅನ್ನೋದು ಪ್ರಶ್ನೆ. ಈಗ ಇಲ್ಲ. ನಾಸಾ ಮುಚ್ಚಿಡೋಕೆ ಆಕಾಶ ಅವರಪ್ಪಂದಾ? ಯುರೋಪ್‌ನೋರ ಗಾಯಾ ಟೆಲಿಸ್ಕೋಪ್ ನೋಡಿದೆ, ಊರೂರಲ್ಲಿ ಹವ್ಯಾಸಿಗಳು ನೋಡ್ತಿದಾರೆ, ಯಾರಿಗೂ ಸಿಕ್ಕಿಲ್ಲ. ಇಲ್ಲ ಅಂದ್ರೆ ಇಲ್ಲ!

ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಆ ಫೋಟೋ ಹಾಕೋ ಫ್ರೆಂಡ್‌ಗೂ ಇದನ್ನ ಕಳಿಸಿ. ಮುಂದಿನ ವಿಡಿಯೋ ನಮ್ಮ ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪ್ ಬಗ್ಗೆ, ಸೂರ್ಯನ ರೇಡಿಯೋ ಅಲೆಗಳನ್ನ ಅಲ್ಲಿ ಹೆಂಗೆ ಹಿಡೀತಾರೆ ಅಂತ ಹೇಳ್ತೀನಿ. ಈ ಎರಡನೇ ಸೂರ್ಯನ ಫೋಟೋ ಮಾತ್ರ ಇನ್ನೊಂದ್ಸಲ ಕಳಿಸಬೇಡ್ರಪ್ಪ.