ಆಫ್ರಿಕಾದ ರೆಗ್ಗೆ ಯಾರ ಕಾಪಿಯೂ ಅಲ್ಲ

ನಮಸ್ಕಾರ. ಜಮೈಕಾದ ಸಂಗೀತ ಶೈಲಿ ರೆಗ್ಗೆ ಅಂದ ಕೂಡಲೇ ಗಾಯಕ ಬಾಬ್ ಮಾರ್ಲಿ ನೆನಪಾಗುತ್ತಾರೆ, ಅಲ್ವಾ? ಜಮೈಕಾ, ಟೀ ಶರ್ಟ್ ಮೇಲಿನ ಜಟೆ, ಕೆಂಪು-ಹಳದಿ-ಹಸಿರು. ಆಫ್ರಿಕಾದವರೂ ರೆಗ್ಗೆ ಹಾಡುತ್ತಾರೆ ಎಂದರೆ "ಓ, ಮಾರ್ಲಿ ಕಾಪಿ" ಎಂದು ತಳ್ಳಿಹಾಕುವವರೇ ಜಾಸ್ತಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನನ್ನ ಪ್ರಕಾರ ರೆಗ್ಗೆಯ ಎದೆಗಾರಿಕೆ ಪರೀಕ್ಷೆಗೆ ನಿಂತಿದ್ದೇ ಆಫ್ರಿಕಾದಲ್ಲಿ.

ಮೊದಲಿಗೆ, ಆ ತಾಳದ ಬೇರು ಇರುವುದೇ ಅಲ್ಲಿ. ಗುಲಾಮರಾಗಿ, ಆಮೇಲೆ ಕೂಲಿಗಳಾಗಿ ಜಮೈಕಾ ಸೇರಿದ ಆಫ್ರಿಕನ್ನರು ತಮ್ಮ ಡೋಲಿನ ಬಡಿತಗಳನ್ನು ಬಿಡಲಿಲ್ಲ. ಬುರು, ಕುಮಿನಾ ಅಂತ ಅವು ಉಳಿದುಕೊಂಡವು. ಜಮೈಕಾದ ಧಾರ್ಮಿಕ ಪಂಥವಾದ ರಾಸ್ತಾಫಾರಿಗಳ ನ್ಯಾಬಿಂಗಿ ಎಂಬ ಡೋಲಿನ ಭಜನೆಗೆ ಬಂದವು, ಅಲ್ಲಿಂದ ರೆಗ್ಗೆಗೆ ಇಳಿದವು.

ನೈಜೀರಿಯಾದ ಸನ್ನಿ ಒಕೊಸುನ್ 1970ರ ದಶಕದಲ್ಲೇ ರೆಗ್ಗೆ ಬೆರೆಸಿ ದಕ್ಷಿಣ ಆಫ್ರಿಕಾದ ಕಪ್ಪು ಜನರ ಬಡಾವಣೆ ಸೊವೆಟೊ ಬಗ್ಗೆ ಹಾಡಿದ್ದರು. ಆದರೆ ದೊಡ್ಡ ಅಲೆ ಎದ್ದಿದ್ದು 1980ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ ರುಫಾರೊ ಸ್ಟೇಡಿಯಂನಲ್ಲಿ ಮಾರ್ಲಿ ಹಾಡಿದರು. ಹೊರಗಿದ್ದ ಜನ ಒಳಗೆ ನುಗ್ಗಲು ನೋಡಿದರು, ಪೊಲೀಸರು ಅಶ್ರುವಾಯು ಸಿಡಿಸಿದರು, ಹೊಗೆ ವೇದಿಕೆಯವರೆಗೂ ಬಂತು. ಹೊಸ ದೇಶದ ಮೊದಲ ರಾತ್ರಿಯೇ ಜನರ ಕಣ್ಣಲ್ಲಿ ಅಶ್ರುವಾಯು! ಆಫ್ರಿಕಾದ ರೆಗ್ಗೆ ಮುಂದೆ ಹಾಡಿದ್ದೆಲ್ಲ ಹೆಚ್ಚುಕಡಿಮೆ ಇದನ್ನೇ. ಬಿಳಿಯರು ಹೋದರು, ಲಾಠಿ ಮಾತ್ರ ಹೋಗಲಿಲ್ಲ.

ಐವರಿ ಕೋಸ್ಟ್‌ನ ಆಲ್ಫಾ ಬ್ಲಾಂಡಿಯನ್ನೇ ನೋಡಿ. ಅವರನ್ನು ಮನೆಮಾತು ಮಾಡಿದ ಹಾಡು 'ಬ್ರಿಗೇಡಿಯರ್ ಸಬಾರಿ'. ಅಬಿಜಾನ್‌ನಲ್ಲಿ ರಾತ್ರಿ ಪೊಲೀಸರು ರಸ್ತೆಯಲ್ಲಿ ಸಿಕ್ಕವರನ್ನು ಹಿಡಿದು ಬಡಿಯುತ್ತಿದ್ದ ಕಾರ್ಯಾಚರಣೆಯ ಬಗ್ಗೆ ಆ ಹಾಡು. ಏಟು ತಿಂದವನೇ ಹಾಡುತ್ತಿದ್ದಾನೆ, ಅದೂ ಸಂತೆ-ಬಸ್‌ಸ್ಟ್ಯಾಂಡಿನ ಜನ ಆಡುವ ಜೂಲಾ ಭಾಷೆಯಲ್ಲಿ. ಒಂದೇ ಪಕ್ಷ ಆಳುತ್ತಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಅವರು 1986ರಲ್ಲಿ 'ಜೆರುಸಲೇಮ್' ಆಲ್ಬಂ ಮಾಡಿದಾಗ ಜೊತೆಗೆ ನುಡಿಸಿದ್ದು ಮಾರ್ಲಿಯ ತಂಡ ವೇಲರ್ಸ್. ಕಾಪಿ ಹೊಡೆಯುವವನಿಗೆ ಅವರು ಹೀಗೆ ಹೆಗಲು ಕೊಡುತ್ತಿದ್ದರಾ?

ಇನ್ನು ದಕ್ಷಿಣ ಆಫ್ರಿಕಾದ ಲಕಿ ಡೂಬೆ. ಅವರು ಮೊದಲು ಹಾಡುತ್ತಿದ್ದುದು ಜುಲು ಜನರ ಉಂಬಕಾಂಗಾ ಎಂಬ ಸಂಗೀತ. ರೆಕಾರ್ಡ್ ಕಂಪನಿ ಬೇಡ ಅಂದರೂ ರೆಗ್ಗೆಗೆ ಬಂದರು. 1984ರ ಮೊದಲ ರೆಗ್ಗೆ ಆಲ್ಬಂ ಸರಿಯಾಗಿ ಮಾರಾಟವಾಗಲಿಲ್ಲ, ಮೇಲಿಂದ ವರ್ಣಭೇದ ಸರ್ಕಾರ ಅದನ್ನು ನಿಷೇಧಿಸಿತು. ಅವರು ಬಿಡಲಿಲ್ಲ. ಕಿವಿಗೊಟ್ಟು ಕೇಳಿ: ಕೀಬೋರ್ಡ್ ಮುಂದೆ ಬರುತ್ತದೆ, ಹೆಣ್ಣುಮಕ್ಕಳ ಕೋರಸ್ ಸಾಲು ಸಾಲಿಗೂ ಉತ್ತರ ಕೊಡುತ್ತದೆ, ಅವರ ದನಿ ಕೆಳಗಿನಿಂದ ಸರ್ರನೆ ಮೇಲಕ್ಕೇರುತ್ತದೆ. ಇದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಹುಟ್ಟಲು ಸಾಧ್ಯವೇ ಇಲ್ಲದ ರೆಗ್ಗೆ. ವರ್ಣಭೇದ ಮುಗಿದ ಮೇಲೂ ಅವರು ಸುಮ್ಮನಾಗಲಿಲ್ಲ, ಅಪರಾಧ ಮತ್ತು ಭ್ರಷ್ಟಾಚಾರದ ಬಗ್ಗೆ ಹಾಡಿದರು. 2007ರ ಅಕ್ಟೋಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮಕ್ಕಳನ್ನು ಬಿಡಲು ಹೋದಾಗ, ಕಾರು ಕದಿಯಲು ಬಂದವರು ಅವರನ್ನು ಗುಂಡಿಟ್ಟು ಕೊಂದರು. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಐವರಿ ಕೋಸ್ಟ್‌ನ ಇನ್ನೊಬ್ಬ ಗಾಯಕ ಟಿಕೆನ್ ಜಾ ಫಾಕೊಲಿ ಇನ್ನೂ ನೇರ. ತಮ್ಮ ದೇಶದಲ್ಲಿ ಅಂತರ್ಯುದ್ಧ ಶುರುವಾದಾಗ ಜೀವಬೆದರಿಕೆಯಿಂದ ಮಾಲಿಗೆ ಹೋಗಿ ನೆಲೆಸಿದರು. 2007ರಲ್ಲಿ ಸೆನೆಗಲ್‌ನಲ್ಲೇ ನಿಂತು ಅಲ್ಲಿನ ಅಧ್ಯಕ್ಷರನ್ನು ಟೀಕಿಸಿದರು, ಆ ದೇಶ ಇವರಿಗೆ ಬಾಗಿಲು ಹಾಕಿತು. ಸಂಗೀತ ಕಛೇರಿ ಮಾಡಿ ಬಂದ ಹಣದಲ್ಲಿ ಶಾಲೆ ಕಟ್ಟಿಸುವ ಕೆಲಸವನ್ನೂ ಮಾಡಿದ್ದಾರೆ.

ಮಾರ್ಲಿಯನ್ನು ಸಣ್ಣವರು ಮಾಡುವುದು ನನ್ನ ಉದ್ದೇಶವಲ್ಲ. ಅವರು ಬಯ್ದಿದ್ದು ರಾಸ್ತಾಫಾರಿಗಳು ಬ್ಯಾಬಿಲೋನ್ ಎನ್ನುವ ಇಡೀ ದಬ್ಬಾಳಿಕೆಯ ವ್ಯವಸ್ಥೆಯನ್ನು. ಆಫ್ರಿಕಾದ ಈ ಗಾಯಕರು ತಮ್ಮೂರಿನ ಠಾಣೆ, ತಮ್ಮದೇ ಅಧ್ಯಕ್ಷರ ಅರಮನೆ ಕಡೆ ಬೆರಳು ತೋರಿಸಿದರು. ಅದಕ್ಕೆ ಬೆಲೆಯನ್ನೂ ತೆತ್ತರು.

ಕೇಳಲು ಶುರು ಮಾಡುವುದಾದರೆ ಲಕಿ ಡೂಬೆಯ 1989ರ 'ಪ್ರಿಸನರ್' ಹಾಕಿ. ಆಮೇಲೆ 'ಬ್ರಿಗೇಡಿಯರ್ ಸಬಾರಿ'. ಜೂಲಾ ಬರದಿದ್ದರೂ ಪರವಾಗಿಲ್ಲ. ನಿಮಗೇನು ಅನಿಸಿತು ಅಂತ ಖಂಡಿತ ಬರೆಯಿರಿ.