ನವಾಹೊ ಹುಡುಗರ ಗುಟ್ಟಿನ ಮಾತು

ಕೇಳುಗರೇ, ನಮಸ್ಕಾರ.

ಎರಡನೇ ಮಹಾಯುದ್ಧದಲ್ಲಿ ಜೋ ಕಿಯೋಮಿಯಾ ಎಂಬ ಅಮೆರಿಕದ ಸೈನಿಕರು ಫಿಲಿಪೀನ್ಸ್‌ನಲ್ಲಿ ಜಪಾನಿಯರ ಕೈಗೆ ಸಿಕ್ಕಿಬಿದ್ದರು. ಇವರು ಅಮೆರಿಕದ ಮೂಲನಿವಾಸಿಗಳಾದ ನವಾಹೊ ಬುಡಕಟ್ಟಿನವರು. ರೇಡಿಯೋದಲ್ಲಿ ಕದ್ದು ಕೇಳಿದ ಅಮೆರಿಕನ್ನರ ಸಂದೇಶಗಳಿಗೆ ಅರ್ಥ ಹೇಳು ಅಂತ ಜಪಾನಿಯರು ಇವರಿಗೆ ಚಿತ್ರಹಿಂಸೆ ಕೊಟ್ಟರು. ಪದಗಳೆಲ್ಲ ಜೋ ಅವರ ಮನೆಮಾತಿನವೇ. ಆದರೂ ತಲೆಬುಡ ಗೊತ್ತಾಗಲಿಲ್ಲ.

ರೇಡಿಯೋದಲ್ಲಿ ಗುಟ್ಟಿನ ಸಂದೇಶ ಕಳಿಸಲು ಅಮೆರಿಕದ ಸೇನೆ ನವಾಹೊ ಹುಡುಗರನ್ನು ಬಳಸಿತ್ತು. ಅವರು ಸುಮ್ನೆ ನವಾಹೊ ಮಾತಾಡಿದರು, ಶತ್ರುವಿಗೆ ತಿಳಿಯಲಿಲ್ಲ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಷ್ಟೇ ಆಗಿದ್ದರೆ ಗುಟ್ಟು ರಟ್ಟಾಗಲು ಒಬ್ಬ ಸೆರೆಯಾಳು ಸಾಕಿತ್ತು, ಅಲ್ವಾ?

ನವಾಹೊ ಮಾತಿನಲ್ಲಿ ಸಂದೇಶ ಕಳಿಸುವ ಉಪಾಯ ಕೊಟ್ಟವರು ಫಿಲಿಪ್ ಜಾನ್‌ಸ್ಟನ್. ಮಿಷನರಿಯ ಮಗ, ನವಾಹೊ ಸೀಮೆಯಲ್ಲೇ ಆಡಿ ಬೆಳೆದವರು. 1942ರಲ್ಲಿ ಅಮೆರಿಕದ ಮರೀನ್ ಪಡೆ, ಅಂದರೆ ಸಮುದ್ರದಿಂದ ದಡಕ್ಕೆ ನುಗ್ಗುವ ಸೇನೆ, 29 ನವಾಹೊ ಹುಡುಗರನ್ನು ಸೇರಿಸಿಕೊಂಡಿತು. ಗುಟ್ಟಿನ ಮಾತು ಕಟ್ಟಿದವರು ಈ ಹುಡುಗರೇ. ಆಮೆ ಅಂದರೆ ಟ್ಯಾಂಕು. ಕಬ್ಬಿಣದ ಮೀನು ಅಂದರೆ ಸಬ್‌ಮರೀನು. ಆಲೂಗಡ್ಡೆ ಅಂದರೆ ಕೈಬಾಂಬು. ಬಾಂಬು ಹಾಕುವ ವಿಮಾನ ಹದ್ದಾದರೆ, ಅದು ಉದುರಿಸುವ ಬಾಂಬು ಮೊಟ್ಟೆ! ತಮಾಷೆಯ ಹುಡುಗರು ಅನ್ನಿ.

ಊರಿನ ಹೆಸರು ಬಂದರೆ ಅಕ್ಷರ ಬಿಡಿಸಿ ಹೇಳಬೇಕು. ನವಾಹೊದಲ್ಲಿ ಇರುವೆಗೆ 'ವೊಲಾಚಿ'. ಆ ಕಡೆ ಕೇಳಿಸಿಕೊಂಡವನು ಅದನ್ನು ಇಂಗ್ಲಿಷಿನ 'ಆಂಟ್' ಮಾಡಿಕೊಂಡು, ಮೊದಲ ಅಕ್ಷರ 'ಎ' ಬರೆದುಕೊಳ್ಳಬೇಕು. ಪದೇ ಪದೇ ಇರುವೆ ಬಂದರೆ ಶತ್ರುವಿಗೆ ಸುಳಿವು ಸಿಕ್ಕೀತು. ಅದಕ್ಕೇ 'ಎ' ಅಕ್ಷರಕ್ಕೆ ಸೇಬು, ಕೊಡಲಿಯನ್ನೂ ಇಟ್ಟುಕೊಂಡರು. ರಣರಂಗಕ್ಕೆ ಪುಸ್ತಕ ಒಯ್ಯುವ ಹಾಗಿಲ್ಲ, ಎಲ್ಲ ಬಾಯಿಪಾಠ. ಅದೂ ಗುಂಡಿನ ಸದ್ದಿನ ನಡುವೆ!

1945ರ ಫೆಬ್ರವರಿಯಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಕಾಳಗದ ಮೊದಲ ಎರಡು ದಿನ ಆರು ಮಂದಿ ನವಾಹೊಗಳು ಹಗಲೂ ರಾತ್ರಿ ಕೂತು 800ಕ್ಕೂ ಹೆಚ್ಚು ಸಂದೇಶ ಸಾಗಿಸಿದರು. ಒಂದೂ ತಪ್ಪಲಿಲ್ಲ.

ಈ 29 ಮಂದಿಯಲ್ಲಿ ಒಬ್ಬರು ಚೆಸ್ಟರ್ ನೆಜ್. ಸರ್ಕಾರಿ ವಸತಿ ಶಾಲೆಯಲ್ಲಿ ನವಾಹೊ ಮಾತಾಡಿದ್ದಕ್ಕೆ ಸೋಪು ಹಾಕಿ ಅವರ ಬಾಯಿ ತೊಳೆದಿದ್ದರು. ಅದೇ ಸರ್ಕಾರಕ್ಕೆ ಕಷ್ಟ ಬಂದಾಗ ಅದೇ ಬಾಯಿ ಬೇಕಾಯಿತು ನೋಡಿ.

ಗೆದ್ದು ಬಂದ ಮೇಲೂ ಅರಿಜೋನಾ, ನ್ಯೂ ಮೆಕ್ಸಿಕೊಗಳ ನವಾಹೊ ಸೀಮೆಯವರು ವೋಟಿನ ಹಕ್ಕಿಗೆ 1948ರವರೆಗೆ ಕಾಯಬೇಕಾಯಿತು. ಮಾಡಿದ ಕೆಲಸವನ್ನು ಊರಲ್ಲಿ ಹೇಳಿಕೊಳ್ಳೋಣ ಅಂದರೆ, 1968ರವರೆಗೆ ಅದು ಸರ್ಕಾರದ ಗುಟ್ಟು. ಮೊದಲ 29 ಮಂದಿಗೆ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಸಿಕ್ಕಿದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಬದುಕಿದ್ದವರು ಐದೇ ಜನ.

ನಮಸ್ಕಾರ.