ಗ್ರೀಕ್, ಲ್ಯಾಟಿನ್ ಓದೋಕೆ ಆಕ್ಸ್‌ಫರ್ಡ್‌ಗೆ ಹೋದರೆ ಏನು ಕಲಿಸುತ್ತಾರೆ?

[ಕಪ್ಪು ಪರದೆ. ಮೂರು ಪದಗಳು ಒಂದೊಂದಾಗಿ ಮೂಡುತ್ತವೆ: ಆರ್ಮಾ, ವಿರುಮ್‌ಕ್ವೆ, ಕಾನೋ]

ನಮಸ್ಕಾರ. ಈ ಮೂರು ಪದ ನೋಡಿ. ಆರ್ಮಾ ವಿರುಮ್‌ಕ್ವೆ ಕಾನೋ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ಕವಿ ವರ್ಜಿಲ್ ತನ್ನ ಮಹಾಕಾವ್ಯ 'ಈನಿಯಡ್' ಅನ್ನು ಶುರು ಮಾಡಿದ್ದು ಹೀಗೆ. ಇದನ್ನು ಇಂಗ್ಲಿಷ್‌ನಲ್ಲಿ ಹೇಳೋಕೆ ಸಾಮಾನ್ಯವಾಗಿ ಏಳು ಪದ ಬೇಕು. ಕನ್ನಡದಲ್ಲಿ ಎಷ್ಟು ಬೇಕು ಗೊತ್ತಾ?

[ಒಂದೊಂದು ಪದದ ಕೆಳಗೆ: ಆಯುಧಗಳನ್ನೂ, ಗಂಡಸನ್ನೂ, ಹಾಡುತ್ತೇನೆ]

ಮೂರೇ. ಪದ ಇರುವ ಜಾಗವೂ ಬದಲಾಗಿಲ್ಲ.

ನಡುವಿನ ಪದವನ್ನು ಬಿಡಿಸೋಣ. 'ವಿರ್' ಅಂದರೆ ಗಂಡಸು. ನಮಗೆ ಸಂಸ್ಕೃತದಿಂದ ಬಂದಿರುವ 'ವೀರ' ಇದರ ದಾಯಾದಿ. ಅದಕ್ಕೆ ಸೇರಿರುವ 'ಉಮ್' ನಮ್ಮ 'ಅನ್ನು' ಮಾಡೋ ಕೆಲಸವನ್ನೇ ಮಾಡುತ್ತದೆ. ಆಮೇಲೆ ಬಾಲದಲ್ಲಿ ಅಂಟಿಕೊಂಡಿರುವ 'ಕ್ವೆ' ಇದೆಯಲ್ಲ, ಅದು 'ರಾಮನೂ ಭೀಮನೂ' ಅನ್ನುವಾಗ ನಾವು ಅಂಟಿಸುವ 'ಊ'. ನಾವು ಎರಡು ಕಡೆ ಅಂಟಿಸುತ್ತೇವೆ, ಲ್ಯಾಟಿನ್‌ಗೆ ಎರಡನೆಯದಕ್ಕೆ ಅಂಟಿಸಿದರೆ ಸಾಕು. ಇನ್ನು 'ಕಾನೋ'. ಇಲ್ಲಿ 'ನಾನು' ಅನ್ನೋ ಪದವೇ ಇಲ್ಲ. ಬೇಕಾಗಿಯೂ ಇಲ್ಲ, ಕೊನೆಯ 'ಓ' ಅದನ್ನು ಹೇಳಿಬಿಡುತ್ತದೆ. ನಾವು 'ಹಾಡುತ್ತೇನೆ' ಅಂದರೆ ಯಾರು ಅಂತ ಯಾರಾದರೂ ಕೇಳುತ್ತಾರಾ? ಹಾಗೆ.

ಗ್ರೀಕ್, ಲ್ಯಾಟಿನ್ ಅಂದರೆ ನಮಗೆ ಸಂಬಂಧವೇ ಇಲ್ಲದ, ಯಾರೋ ದೊಡ್ಡ ಮನೆತನದ ಬಿಳಿಯರ ಓದು ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ಬಹಳ ಕಾಲ ಅದು ಹಾಗೇ ಇತ್ತು ಕೂಡ. ಆದರೆ ಆ ತರಗತಿಯೊಳಗೆ ದಿನವೂ ನಡೆಯುವ ಕೆಲಸ ನೋಡಿದರೆ, ಕನ್ನಡ ಮಾತಾಡೋರಿಗೆ ಅದು ಅಷ್ಟು ಹೊರಗಿನದು ಅನ್ನಿಸುವುದಿಲ್ಲ. ಇವತ್ತು ಅದನ್ನೇ ತೋರಿಸಬೇಕು ಅಂತಿದ್ದೇನೆ.

[ಆಕ್ಸ್‌ಫರ್ಡ್‌ನ ಹಳೆ ಕಟ್ಟಡಗಳ ಚಿತ್ರ]

ಆಕ್ಸ್‌ಫರ್ಡ್‌ನಲ್ಲಿ ಈ ಪದವಿಯ ಹೆಸರು 'ಲಿಟರೇ ಹ್ಯುಮಾನಿಯೋರೆಸ್'. ಅಲ್ಲಿನ ಬಿ.ಎ. ಪದವಿಗಳು ಹೆಚ್ಚಾಗಿ ಮೂರು ವರ್ಷದವು, ಇದು ನಾಲ್ಕು ವರ್ಷದ್ದು. ಭಾಷೆ, ಕಾವ್ಯ, ತತ್ವಶಾಸ್ತ್ರ, ಇತಿಹಾಸ, ಪುರಾತತ್ವ ಎಲ್ಲವೂ ಇದರೊಳಗೆ ಬರುತ್ತವೆ. 1920ರವರೆಗೆ ಗ್ರೀಕ್ ಬಾರದವರು ಆಕ್ಸ್‌ಫರ್ಡ್‌ನಲ್ಲಿ ಸಾಮಾನ್ಯವಾಗಿ ಬಿ.ಎ. ಪದವಿ ಪಡೆಯುವಂತಿರಲಿಲ್ಲ. ಲ್ಯಾಟಿನ್ ಕಡ್ಡಾಯ 1960ರವರೆಗೂ ಇತ್ತು. ಗಣಿತ ಓದೋಕೆ ಬಂದವರಿಗೂ ಇದೇ ನಿಯಮ.

ಗ್ರೀಕ್, ಲ್ಯಾಟಿನ್‌ಗೆ ಕೊಟ್ಟ ಈ ಮಣೆಯ ಬಿಸಿ ನಮ್ಮ ದೇಶಕ್ಕೂ ತಟ್ಟಿತ್ತು. 1855ರಲ್ಲಿ ಐ.ಸಿ.ಎಸ್. ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಶುರುವಾದಾಗ ಗ್ರೀಕ್‌ಗೆ 750 ಅಂಕ, ಲ್ಯಾಟಿನ್‌ಗೆ 750 ಅಂಕ. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಭಾರತವನ್ನು ಆಳೋಕೆ ಬರುವವರಿಗೆ ಭಾರತದ ಭಾಷೆ ಗೊತ್ತಿದ್ದರೆ ಸಿಗುತ್ತಿದ್ದದ್ದು ಅರ್ಧ ಬೆಲೆ. ಈ ಲೆಕ್ಕ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಆ ಭಾಷೆಗಳದ್ದಲ್ಲ, ಅವುಗಳನ್ನು ಬೇಲಿ ಮಾಡಿಕೊಂಡವರದ್ದು. ಆ ಬೇಲಿ ದಾಟಿದವರೂ ಇದ್ದರು. ಚಿಕ್ಕ ಹುಡುಗನಾಗಿ ಇಂಗ್ಲೆಂಡ್‌ಗೆ ಹೋದ ಅರವಿಂದ ಘೋಷ್ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, 1892ರಲ್ಲಿ ಗ್ರೀಕ್–ಲ್ಯಾಟಿನ್ ಪರೀಕ್ಷೆಯ ಮೊದಲ ಭಾಗವನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದರು. ಮುಂದೆ ನಾವು ಶ್ರೀ ಅರವಿಂದರು ಅಂತ ಕರೆದದ್ದು ಅವರನ್ನೇ.

ಈಗ ಶಾಲೆಯಲ್ಲಿ ಎರಡು ಭಾಷೆಯನ್ನೂ ಕಲಿಯದವರು ಕೂಡ ಈ ಪದವಿಗೆ ಸೇರಬಹುದು. ಮೊದಲ ವಾರ ಅಕ್ಷರದಿಂದಲೇ ಶುರು. ಗ್ರೀಕ್‌ನಲ್ಲಿ ಇರೋದು 24 ಅಕ್ಷರ.

[ಪರದೆ ಮೇಲೆ ಫೈ, ಥೀಟಾ, ಖೈ ಅಕ್ಷರಗಳು. ಪಕ್ಕದಲ್ಲಿ ಫ, ಥ, ಖ]

ಇಲ್ಲಿ ಒಂದು ಖುಷಿಯ ವಿಷಯ ಇದೆ. ಹಳೆಯ ಅಥೆನ್ಸ್‌ನಲ್ಲಿ ಈ ಮೂರು ಅಕ್ಷರಗಳ ಉಚ್ಚಾರ ನಮ್ಮ ಮಹಾಪ್ರಾಣಗಳ ಹಾಗೇ ಇತ್ತು. ಫೈ ಅಂದರೆ 'ಫಲ'ದ ಫ, ತುಟಿ ಮುಚ್ಚಿ ಉಸಿರು ಬಿಡೋದು. 'ಫ್ಯಾನ್' ಅನ್ನುವಾಗ ಬರುವ ಸದ್ದಲ್ಲ. ಥೀಟಾ 'ರಥ'ದ ಥ. ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಪ–ಫ ವ್ಯತ್ಯಾಸ ಕಿವಿಗೇ ಬೀಳೋದು ಕಷ್ಟ. ನಾವು ಒಂದನೇ ಕ್ಲಾಸಿನಲ್ಲೇ 'ಪ ಫ ಬ ಭ ಮ' ಅಂತ ರಾಗವಾಗಿ ಹೇಳಿ ಮುಗಿಸಿದ್ದೇವೆ.

ಅಕ್ಷರ ಆದ ಮೇಲೆ ಬಾಯಿಪಾಠ. ಇದನ್ನು ಯಾರೂ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ನಾಮಪದದ ರೂಪ, ಕ್ರಿಯಾಪದದ ರೂಪ, ದಿನಾ ಒಂದಿಷ್ಟು. ಗ್ರೀಕ್ ಕ್ರಿಯಾಪದ ನಿಜಕ್ಕೂ ಬೆಟ್ಟ. 'ಫೆರೋ' ಅಂದರೆ 'ಹೊರುತ್ತೇನೆ'. 'ಹೊರುವೆನು' ಅನ್ನೋಕೆ 'ಓಯ್ಸೋ'. 'ಹೊತ್ತೆ' ಅನ್ನೋಕೆ 'ಏನೆಂಕಾ'. ಮೂರೂ ಒಂದೇ ಕ್ರಿಯಾಪದ, ಆದರೆ ಮೂರರ ಮುಖವೂ ಬೇರೆ. ಪುಸ್ತಕ ಓದುವಾಗ 'ಏನೆಂಕಾ' ಸಿಕ್ಕಿತು ಅಂತ ನಿಘಂಟಿನಲ್ಲಿ ಆ ಜಾಗಕ್ಕೆ ಹೋದರೆ ಅರ್ಥ ಸಿಗುವುದಿಲ್ಲ, 'ಫೆರೋ' ಹತ್ತಿರ ಹೋಗಬೇಕು. ಸಮಾಧಾನ ಏನು ಅಂದರೆ, ಈ 'ಫೆರೋ' ಸಂಸ್ಕೃತದ 'ಭರಾಮಿ'ಯ ಬಂಧು. ನಾವು ಖರ್ಚು 'ಭರಿಸುತ್ತೇವೆ', ಚೀಲ 'ಭಾರ' ಅನ್ನುತ್ತೇವೆ. ಒಮ್ಮೆ ಈ ನಂಟು ಹೊಳೆದರೆ ಆ ಪದ ಮತ್ತೆ ಮರೆಯುವುದಿಲ್ಲ.

ಆದರೆ ಎಲ್ಲ ಕಡೆ ಕನ್ನಡ ಕೈ ಹಿಡಿಯುತ್ತದೆ ಅಂದುಕೊಳ್ಳಬೇಡಿ. ಕೈ ಬಿಡುವ ಒಂದು ಜಾಗ ತೋರಿಸುತ್ತೇನೆ. ನನಗೆ ಇಡೀ ಲ್ಯಾಟಿನ್‌ನಲ್ಲಿ ಅತಿ ಇಷ್ಟದ ಸಾಲು ಇದು.

[ಪರದೆ: ಕ್ವಿಸ್ – ಮುಲ್ತಾ – ಗ್ರಾಸಿಲಿಸ್ – ತೇ – ಪುಎರ್ – ಇನ್ – ರೋಸಾ]

ಹೊರೇಸ್ ಅನ್ನೋ ಕವಿಯದು. ಕ್ರಿಸ್ತಪೂರ್ವ 23ರಲ್ಲಿ ಹೊರಬಂದ ಅವನ ಭಾವಗೀತೆಗಳಲ್ಲಿ ಒಂದು. ಏಳು ಪದ. ಒಂದೊಂದಾಗಿ ಕನ್ನಡ ಇಡುತ್ತೇನೆ: ಯಾವ, ರಾಶಿ, ಸಪೂರ, ನಿನ್ನನ್ನು, ಹುಡುಗ, ನಡುವೆ, ಗುಲಾಬಿ. ಏನೂ ಅರ್ಥ ಆಗಲಿಲ್ಲ ಅಲ್ವಾ? ಮೊದಲ ಸಲ ಓದಿದ ವಿದ್ಯಾರ್ಥಿಗೂ ಹಾಗೇ ಆಗುತ್ತದೆ. ಆಗ ಮೇಷ್ಟ್ರು ಉತ್ತರ ಹೇಳುವುದಿಲ್ಲ. ಪದಗಳ ಬಾಲ ನೋಡು ಅನ್ನುತ್ತಾರೆ.

[ಬಣ್ಣ ಹಚ್ಚುತ್ತಾ: ಮುಲ್ತಾ ಮತ್ತು ರೋಸಾ ಕೆಂಪು. ಗ್ರಾಸಿಲಿಸ್ ಮತ್ತು ಪುಎರ್ ನೀಲಿ. ತೇ ಹಳದಿ]

ಎರಡನೇ ಪದ 'ಮುಲ್ತಾ'ದ ಬಾಲ ಹೊಂದೋದು ಕೊನೆಯ 'ರೋಸಾ' ಜೊತೆ. ಅಂದರೆ ರಾಶಿ ಗುಲಾಬಿ. ಮೂರನೇ ಪದ 'ಗ್ರಾಸಿಲಿಸ್' ಸೇರೋದು ಐದನೇ ಪದ 'ಪುಎರ್' ಜೊತೆ. ಅಂದರೆ ಸಪೂರ ಹುಡುಗ. ಸರಿಯಾಗಿ ಮಧ್ಯದಲ್ಲಿ 'ತೇ', ನಿನ್ನನ್ನು. ಪಿರ್ರಾ ಅನ್ನೋ ಹುಡುಗಿಯನ್ನು ಕವಿ ಕೇಳುತ್ತಿರುವುದು ಇದು: ಪಿರ್ರಾ, ಗುಲಾಬಿಯ ರಾಶಿಯಲ್ಲಿ ನಿನ್ನನ್ನು ತಬ್ಬಿಕೊಂಡಿರುವ ಆ ಸಪೂರ ಹುಡುಗ ಯಾರು? 'ತಬ್ಬು' ಅನ್ನೋ ಕ್ರಿಯಾಪದ ಮುಂದಿನ ಸಾಲಿನಲ್ಲಿ ಬರುತ್ತದೆ.

ಈಗ ಮತ್ತೊಮ್ಮೆ ಪರದೆ ನೋಡಿ. ಹುಡುಗಿ ಮಧ್ಯದಲ್ಲಿದ್ದಾಳೆ. ಅವಳ ಎರಡು ಪಕ್ಕ ಹುಡುಗ ಇದ್ದಾನೆ. ಅವರಿಬ್ಬರ ಸುತ್ತ ಗುಲಾಬಿ ಇದೆ. ಸಾಲು ಅಪ್ಪುಗೆಯ ಬಗ್ಗೆ ಹೇಳುತ್ತಾ ತಾನೇ ಅಪ್ಪಿಕೊಂಡಿದೆ.

ಇದು ಕನ್ನಡದಲ್ಲಿ ಆಗುವುದಿಲ್ಲ. ನಮ್ಮಲ್ಲಿ 'ಹುಡುಗ'ನಿಗೆ ಪ್ರತ್ಯಯ ಇದೆ, 'ಸಪೂರ'ಕ್ಕೆ ಇಲ್ಲ. 'ಸಪೂರ ನಿನ್ನನ್ನು ಹುಡುಗ' ಅಂದರೆ ಸಪೂರ ಆಗೋದು ನೀನು. ಲ್ಯಾಟಿನ್‌ನಲ್ಲಿ ವಿಶೇಷಣಕ್ಕೂ ವಿಭಕ್ತಿ ಹತ್ತುತ್ತದೆ, ಅದಕ್ಕೇ ಎಷ್ಟು ದೂರ ಹೋದರೂ ತನ್ನ ಜೋಡಿಯನ್ನು ಗುರುತು ಹಿಡಿಯುತ್ತದೆ. ಸಂಸ್ಕೃತ ಶ್ಲೋಕಕ್ಕೆ ಅನ್ವಯ ಹಾಕಿ ಅಭ್ಯಾಸ ಇರುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅನುವಾದ ಓದಿದರೆ ಸಾಲದೇ, ಮೂಲ ಯಾಕೆ ಕಲಿಯಬೇಕು ಅಂತ ಕೇಳುವವರಿಗೆ ನಾನು ಈ ಒಂದು ಸಾಲು ತೋರಿಸುತ್ತೇನೆ.

ಇನ್ನು ಪರೀಕ್ಷೆ. ಎರಡನೇ ವರ್ಷದ ಮಧ್ಯೆ 'ಮಾಡ್ಸ್' ಅಂತ ಒಂದು ದೊಡ್ಡ ಸುತ್ತು, ಕೊನೆಯಲ್ಲಿ 'ಗ್ರೇಟ್ಸ್' ಅಂತ ಇನ್ನೊಂದು. ಎಂದೂ ಓದಿರದ ಭಾಗ ಕೊಟ್ಟು ಅಲ್ಲೇ ಅನುವಾದ ಮಾಡಿಸುವ ಪತ್ರಿಕೆಯೂ ಇರುತ್ತದೆ. ವಾರದ ಪಾಠದಲ್ಲಿ ಒಬ್ಬ ಅಧ್ಯಾಪಕರ ಮುಂದೆ ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳು ಕೂತು, ತಾವು ಬರೆದ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು.

[ಕಂದು ಬಣ್ಣದ ಹರಿದ ಪಪೈರಸ್ ಹಾಳೆಯ ಚಿತ್ರ]

ಈಗ ನಮ್ಮ ಮನೆಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಗ್ರೆನ್‌ಫೆಲ್ ಮತ್ತು ಹಂಟ್ ಇಬ್ಬರೂ ಆಕ್ಸ್‌ಫರ್ಡ್‌ನಲ್ಲಿ ಓದಿದವರು. 1896–97ರ ಚಳಿಗಾಲದಲ್ಲಿ ಈಜಿಪ್ಟ್‌ನ ಆಕ್ಸಿರಿಂಕಸ್ ಅನ್ನೋ ಊರಿನ ತಿಪ್ಪೆಗಳನ್ನು ಅಗೆಯೋಕೆ ಶುರು ಮಾಡಿದರು. ಸಿಕ್ಕಿದ್ದು ಪಪೈರಸ್, ಅಂದರೆ ಜೊಂಡಿನಿಂದ ಮಾಡುತ್ತಿದ್ದ ಹಳೆ ಕಾಲದ ಕಾಗದ. ಹಾಳೆ, ಹಾಳೆ, ಲಕ್ಷಾಂತರ ಚೂರು. ಇವತ್ತಿಗೆ ಐದು ಸಾವಿರಕ್ಕೂ ಹೆಚ್ಚು ಪ್ರಕಟವಾಗಿವೆ, ಇನ್ನೂ ಎಷ್ಟೋ ಪೆಟ್ಟಿಗೆಯಲ್ಲೇ ಇವೆ. 1903ರಲ್ಲಿ ಅಚ್ಚಾದ 413ನೇ ಪಪೈರಸ್‌ನಲ್ಲಿ ಒಂದು ಪ್ರಹಸನ ಇದೆ. ಕಾರಿಟಿಯನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜ ಗ್ರೀಕ್ ಅಲ್ಲದ ಮಾತು ಆಡುತ್ತಾನೆ.

[ಪರದೆ: ಬೆರೆಕೊನ್‌ಜೆಯಿದಮುನ್‌ಪೆತ್ರೆಕಿಓಪಕ್ತೆಯಿ]

1904ರಲ್ಲಿ ಶಾಸನತಜ್ಞ ಹುಲ್ಟ್ಷ್ ಇದು ಕನ್ನಡ ಇರಬಹುದು ಅಂದರು. ಅವರು ಓದಿದ ರೀತಿ: 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ'. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಆರ್. ಶಾಮಶಾಸ್ತ್ರಿಗಳೂ ಕನ್ನಡ ಅಂತಲೇ ವಾದಿಸಿದರು. 1926ರಲ್ಲಿ ಬಾರ್ನೆಟ್ ಅನ್ನುವ ವಿದ್ವಾಂಸ, ಈ ವಾದ ನಿಲ್ಲುವುದಿಲ್ಲ ಅಂತ ಬರೆದ. ತುಳು ಅನ್ನುವವರೂ ಇದ್ದಾರೆ. ಸುಮ್ನೆ ಸದ್ದು ಮಾಡಿ ನಗಿಸೋಕೆ ಬರೆದದ್ದು ಅನ್ನುವವರೂ ಇದ್ದಾರೆ.

'ಗ್ರೀಕ್ ನಾಟಕದಲ್ಲಿ ಕನ್ನಡ' ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೇ ಬಂದಿದ್ದೇವೆ. ನನಗೂ ಅದು ಕನ್ನಡವೇ ಆಗಿರಲಿ ಅಂತ ಆಸೆ. ಆದರೆ ಆಸೆಯಿಂದ ಓದೋಕೆ ಆಗುವುದಿಲ್ಲ. ಪರದೆ ಮೇಲೆ ಪದಗಳ ನಡುವೆ ಜಾಗ ಇಲ್ಲ ನೋಡಿ. ಆ ಕಾಲದ ಗ್ರೀಕ್ ಹಾಳೆಗಳಲ್ಲಿ ಜಾಗ ಬಿಡುವ ರೂಢಿ ಇರಲಿಲ್ಲ, ನಮ್ಮ ಹಳೆಯ ಶಾಸನಗಳ ಹಾಗೆ. ಎಲ್ಲಿ ಕತ್ತರಿಸಬೇಕು? 'ದಮುನ್' ಅಂತ ಇರೋದನ್ನು 'ಮಧು' ಅಂತ ತಿರುಗಿಸಿ ಓದೋದು ಸರಿಯಾ? ಗ್ರೀಕ್ ಲಿಪಿಕಾರನ ಕಿವಿಗೆ ನಮ್ಮ 'ಚ' ಹೇಗೆ ಕೇಳಿಸಿರಬಹುದು, ಅದನ್ನು ಅವನು ಯಾವ ಅಕ್ಷರದಲ್ಲಿ ಬರೆದಾನು? ಇದಕ್ಕೆ ಉತ್ತರ ಹುಡುಕೋಕೆ ಆ ಕಾಲದ ಗ್ರೀಕ್ ಉಚ್ಚಾರ ಗೊತ್ತಿರಬೇಕು, ಹಳಗನ್ನಡವೂ ಗೊತ್ತಿರಬೇಕು. ಎರಡೂ ಒಂದೇ ತಲೆಯಲ್ಲಿ ಇರಬೇಕು. ಅಂಥ ತಲೆ ನಮ್ಮ ಊರಿನಿಂದ ಬರಲಿ ಅನ್ನೋದು ನನ್ನ ಆಸೆ.

ಇದಕ್ಕೆ ಮೊದಲೇ ಆಕ್ಸ್‌ಫರ್ಡ್‌ಗೆ ಹೋಗಬೇಕಾಗಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ 'ಪರ್ಸಿಯಸ್' ಡಿಜಿಟಲ್ ಗ್ರಂಥಾಲಯ ಉಚಿತ. ಹೋಮರ್‌ನಿಂದ ಹಿಡಿದು ಸಿಗುತ್ತದೆ, ಗ್ರೀಕ್ ಪದದ ಮೇಲೆ ಒತ್ತಿದರೆ ಅದರ ರೂಪ, ಅರ್ಥ ತೋರಿಸುತ್ತದೆ. 'ಏನೆಂಕಾ' ಸಿಕ್ಕರೆ 'ಫೆರೋ' ಹತ್ತಿರ ಅದೇ ಕರೆದುಕೊಂಡು ಹೋಗುತ್ತದೆ.

ಮುಂದಿನ ವಿಡಿಯೋದಲ್ಲಿ 24 ಅಕ್ಷರಗಳನ್ನೂ ಬರೆದು ತೋರಿಸುತ್ತೇನೆ. ಒಂದು ಹಾಳೆ, ಪೆನ್ನು ಇಟ್ಟುಕೊಂಡು ಕೂತ್ಕೊಳ್ಳಿ. 413ನೇ ಪಪೈರಸ್‌ನ ಆ ಸಾಲನ್ನು ಕೊನೆಯಲ್ಲಿ ನಾವೇ ಅಕ್ಷರ ಕೂಡಿಸಿ ಓದೋಣ.